ದೀಪ ಹಚ್ಚುವ ಹೊತ್ತಿನ ರಿಂಗು

ಮಂಗಳೂರು, ಮಂಗಳವಾರ

ಮಸ್ಕತ್ತಿನ ವಿಮಾನ ಹತ್ತುವಾಗ ನನ್ನ ಚೀಲದಲ್ಲಿ ಐದು ಕಿಲೊ ಕುಚ್ಚಲಕ್ಕಿ, ಅಮ್ಮ ಹುರಿದು ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿ, ಎರಡು ಜೊತೆ ಬಟ್ಟೆ ಮತ್ತು ಗುಂಡಿ ಒತ್ತುವ ಹಳೆಯ ಮೊಬೈಲ್ ಒಂದು ಇತ್ತು. ಮೊಬೈಲು ನನ್ನದಲ್ಲ, ಅಮ್ಮಮ್ಮನದು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಒಮಾನ್ ದೇಶದಲ್ಲಿ ಅಡುಗೆ ಕೆಲಸಕ್ಕಿರುವ ಅವರ ಒಬ್ಬನೇ ಮಗನಿಗೆ, ಅಂದರೆ ನನ್ನ ಶೀನ ಮಾವನಿಗೆ, ಅದು ಇನ್ನೂ ತಿಳಿದಿರಲಿಲ್ಲ. ತಿಳಿಸಿ ಬರುವುದಕ್ಕೇ ನಾನು ಹೊರಟದ್ದು.

ಎಲ್ಲರ ಕೈಯಲ್ಲೂ ಫೋನ್ ಇರುವ ಈ ಕಾಲದಲ್ಲಿ ತಾಯಿ ಹೋದ ಸುದ್ದಿ ಮಗನಿಗೆ ಮುಟ್ಟದೆ ಇರುತ್ತದೆಯೇ ಎಂದು ವಿಮಾನ ನಿಲ್ದಾಣದಲ್ಲಿ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು. ವಿಮಾನ ತಡವಾಗಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಮೊದಲು ಹೇಳಿಬಿಡುತ್ತೇನೆ.

ಮರವಂತೆಯ ನಮ್ಮ ಮನೆಗೆ ಮೊಬೈಲು ಬಂದದ್ದು ಕಂಪನಿಗಳು ಪೈಪೋಟಿಗೆ ಬಿದ್ದು ಸಿಮ್ ಹಂಚುತ್ತಿದ್ದ ಕಾಲದಲ್ಲಿ. ಹೆದ್ದಾರಿಯ ಬದಿಯಲ್ಲಿ ಬಣ್ಣದ ಕೊಡೆಗಳ ಕೆಳಗೆ ಹುಡುಗರು ಕೂತು, ಒಂದು ಫೋಟೊ, ಒಂದು ಸಹಿ ತೆಗೆದುಕೊಂಡು ಸಿಮ್ ಕೊಡುತ್ತಿದ್ದರು. ತ್ರಾಸಿಯಿಂದ ಮರವಂತೆಯವರೆಗಿನ ಅಂಗಡಿಗಳ ಶಟರುಗಳನ್ನು ನಾನು ಶಾಲೆಯ ಬಸ್ಸಿನಿಂದ ಎಣಿಸುತ್ತಿದ್ದೆ: ಕೆಂಪು ಎಷ್ಟು, ಹಳದಿ ಎಷ್ಟು, ನೀಲಿ ಎಷ್ಟು. ಒಂದು ವರ್ಷ ಏಳು ಕಂಪನಿಗಳ ಬಣ್ಣ ಇತ್ತು. ಆಮೇಲೆ ಒಂದೊಂದೇ ಕಡಿಮೆಯಾಯಿತು. ಸೋತ ಕಂಪನಿಯ ಬಣ್ಣದ ಮೇಲೆ ಗೆದ್ದ ಕಂಪನಿಯವರು ತಮ್ಮದನ್ನು ಬಳಿದರು. ಎರಡು ಮಳೆಗಾಲ ಕಳೆದ ಮೇಲೆ ಹಳೆಯದು ಅಡಿಯಿಂದ ಇಣುಕುತ್ತಿತ್ತು.

ಅಮ್ಮಮ್ಮನ ಸಿಮ್ ಆ ಕೊಡೆಯ ಕೆಳಗಿನದೇ. ಜೀವನಪೂರ್ತಿ ಒಳಬರುವ ಕರೆ ಉಚಿತ ಎಂದು ಹುಡುಗ ಹೇಳಿದ್ದಕ್ಕೆ ಅಮ್ಮಮ್ಮ ಕೇಳಿದ್ದರಂತೆ: "ಯಾರ್ ಜೀವನ ಮಗಾ? ನಂದೋ, ನಿಮ್ ಕಂಪ್ನಿದೋ?"

ಕಂಪನಿ ಮೊದಲು ಹೋಯಿತು. ನಂಬರನ್ನು ಹಾಗೇ ಉಳಿಸಿಕೊಂಡು ಅವರನ್ನು ಇನ್ನೊಂದು ಕಂಪನಿಗೆ ಸೇರಿಸಿದೆವು. ನಂಬರು ಬದಲಿಸಲು ಅಮ್ಮಮ್ಮ ಒಪ್ಪುತ್ತಲೇ ಇರಲಿಲ್ಲ, ಯಾಕೆಂದರೆ ಮಾವನ ರಿಂಗು ಬರುತ್ತಿದ್ದದ್ದು ಅದಕ್ಕೆ.

ಆ ರಿಂಗಿನ ವಿಷಯ ಹೇಳಬೇಕು. ಅಮ್ಮಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಫೋನಿನಲ್ಲಿ ಮಾವ ಎಷ್ಟು ಕೂಗಿದರೂ ಅವರು "ಹಾಂ, ಹಾಂ" ಎನ್ನುತ್ತ ತಮ್ಮದೇ ಮಾತು ಹೇಳುತ್ತಿದ್ದರು. ಹಾಗಾಗಿ ಇಬ್ಬರೂ ಮಾತು ಬಿಟ್ಟರು. ದಿನವೂ ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಮಾವ ಒಂದು ರಿಂಗು ಕೊಡುವುದು. ಅಮ್ಮಮ್ಮ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುವರು. ಅದು ನಡುಗಿದ ಕೂಡಲೇ ತೆಗೆದು ಕೆಂಪು ಗುಂಡಿ ಒತ್ತುವುದು. ಕಟ್ ಮಾಡಿದರೆ ಸೌಖ್ಯ ಎಂದರ್ಥ. ಕಟ್ ಮಾಡದೆ ಪೂರ್ತಿ ಬಡಿಯಲು ಬಿಟ್ಟರೆ, ಹೇಳುವ ಸಂಗತಿ ಏನೋ ಇದೆ, ಇನ್ನೊಮ್ಮೆ ಮಾಡು, ಗಿರಿಜ ಮಾತಾಡುತ್ತಾಳೆ ಎಂದರ್ಥ. ಗಿರಿಜ ಎಂದರೆ ನನ್ನ ಅಮ್ಮ, ಮಾವನ ತಂಗಿ. ಒಂದೊಂದು ನಿಮಿಷಕ್ಕೂ ದರ ಇದ್ದ ಕಾಲದಲ್ಲಿ ಊರಿನವರೆಲ್ಲ ಇಂಥ ಉಪಾಯ ಮಾಡಿಕೊಂಡಿದ್ದರು. ದರ ಇಳಿದ ಮೇಲೆ ಎಲ್ಲರೂ ಬಿಟ್ಟರು, ಇವರಿಬ್ಬರು ಬಿಡಲಿಲ್ಲ.

ಕಂಪನಿಗಳು ಕೆಲವೇ ಉಳಿದ ಮೇಲೆ ಒಳಬರುವ ಕರೆಗೂ ರೀಚಾರ್ಜು ಬೇಕು ಎಂಬ ನಿಯಮ ಬಂತು. ಕಳೆದ ಮಳೆಗಾಲ ಅಮ್ಮಮ್ಮ ಹಾಸಿಗೆ ಹಿಡಿದರು. ಮರವಂತೆಗೂ ಕುಂದಾಪುರದ ಆಸ್ಪತ್ರೆಗೂ ಓಡಾಡುವ ಗಡಿಬಿಡಿಯಲ್ಲಿ ಮೊಬೈಲು ಮನೆಯ ಕಪಾಟಿನಲ್ಲೇ ಉಳಿಯಿತು. ಅದರ ರೀಚಾರ್ಜು ಮುಗಿದದ್ದು ಯಾರಿಗೂ ನೆನಪಾಗಲಿಲ್ಲ. ಶ್ರಾವಣದಲ್ಲಿ ಅವರು ಹೋದರು. ಮಾವನ ನಂಬರಿಗೆ ಮಾಡಿದರೆ ಅರಬ್ಬಿಯಲ್ಲಿ ಏನೋ ಹೇಳಿಕೆ ಬಂತು. ಅವರು ಕೆಲಸಕ್ಕಿದ್ದ ಮಸ್ಕತ್ತಿನ ಹೋಟೆಲಿಗೆ ಮಾಡಿದರೆ, ಅವರು ಇಲ್ಲಿ ಬಿಟ್ಟು ಹೋದರು, ಎಲ್ಲಿಗೆಂದು ತಿಳಿಯದು ಎಂದರು. ಮಾವನಿಗೆ ಮದುವೆಯಾಗಿಲ್ಲ. ಕೇಳಿ ನೋಡಲು ಬೇರೆ ಮನೆಯೂ ಇರಲಿಲ್ಲ. ಮಾವ ಕೊಡಬೇಕಾದ ಬೆಂಕಿಯನ್ನು ನಾನು ಕೊಟ್ಟೆ.

ಮಾವನ ಸುಳಿವು ಸಿಕ್ಕಿದ್ದು ಈ ಚೈತ್ರದಲ್ಲಿ. ಮನೆಗಳಿಗೆ ಇಂಟರ್ನೆಟ್ ತಂತಿ ಎಳೆದು ಕೊಡುವ ಬ್ರಹ್ಮಾವರದ ಕಚೇರಿಯೊಂದರಲ್ಲಿ ನಾನು ದೂರು ಬರೆದುಕೊಳ್ಳುವ ಕೆಲಸ ಮಾಡುತ್ತೇನೆ. ಕೊಕ್ಕರ್ಣೆಯ ಉದಯಣ್ಣ ಎಂಬವರು ರಜೆಯಲ್ಲಿ ಬಂದವರು, ಹೊಸ ಮನೆಗೆ ತಂತಿ ಬೇಕೆಂದು ಬಂದರು. ಮಸ್ಕತ್ತಿನಲ್ಲಿ ತರಕಾರಿ ವ್ಯಾನ್ ಓಡಿಸುವವರು. ನನ್ನದು ಮರವಂತೆ ಎಂದು ತಿಳಿದಾಗ ಅವರು, "ಸೂರ್ ಅಂಬ ಊರಂಗೆ ನಿಮ್ ಮರವಂತಿಯರ್ ಒಬ್ರ್ ಇದ್ರಲ್ದಾ, ಶೀನ ಅಂದೇಳಿ? ಚಾ ಅಂಗ್ಡಿಯಂಗೆ," ಎಂದರು. ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

ಅವರ ಕೈಯಲ್ಲೇ ಸುದ್ದಿ ಕಳಿಸಬಹುದು ಎಂದು ಅಪ್ಪ ಹೇಳಿದರು. ಅಮ್ಮ ಒಪ್ಪಲಿಲ್ಲ. "ಕಂಡೋರ್ ಬಾಯಂಗೆ ಹೇಳ್ಸೂದ್ ಬ್ಯಾಡ. ಫೋನಂಗೂ ಬ್ಯಾಡ. ಎದ್ರ್ ಕೂಕಂಡ್ ಹೇಳ್ಕ್. ಅಣ್ಣ ಒಬ್ನೇ ಇಪ್ಪುದ್," ಎಂದಳು. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನಗೆ ಮಾತ್ರ.

ಮಸ್ಕತ್ತು, ಅದೇ ಸಂಜೆ

ಇಳಿದ ಕೂಡಲೇ ಒಂದು ಎಡವಟ್ಟಾಯಿತು. ಸುಂಕದ ಅಧಿಕಾರಿ ನನ್ನ ಚೀಲ ಬಿಚ್ಚಿಸಿ ಅಕ್ಕಿಯೊಳಗೆ ಕೈ ಹಾಕಿದರು. ಒಡೆಯದಿರಲಿ ಎಂದು ಅಮ್ಮ ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿಯ ನಡುವೆ ಹುಗಿದಿಟ್ಟದ್ದು ನನಗೆ ಗೊತ್ತಿರಲಿಲ್ಲ. ಅವರು ಅದನ್ನು ತಿರುಗಿಸಿ ನೋಡಿದರು. ಗಾಜು ಬಿರುಕು ಬಿಟ್ಟಿದೆ, ಹಿಂದಿನ ಮುಚ್ಚಳಕ್ಕೆ ರಬ್ಬರು, ಮೂಲೆಗೆ ಅಮ್ಮಮ್ಮ ಕಟ್ಟಿದ ಕರಿ ದಾರ. ಕೆಲಸ ಮಾಡುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ಮತ್ತೆ ಏಕೆ ತಂದೆ ಎಂದರು. ನನ್ನ ಅಜ್ಜಿಯದು, ಮಗನಿಗೆ ಕೊಡಬೇಕು ಎಂದೆ. ಅವರು ಅದನ್ನು ಬಟ್ಟೆಯಲ್ಲಿ ಮೊದಲಿನಂತೆಯೇ ಸುತ್ತಿ, ಅಕ್ಕಿಯಲ್ಲಿ ಅದೇ ಜಾಗಕ್ಕೆ ಇಟ್ಟು, ಚೀಲದ ಬಾಯಿ ಕಟ್ಟಿಕೊಟ್ಟರು.

ಹೊರಗೆ ಬರುವ ದಾರಿಯಲ್ಲಿ ಮೂರು ಕಂಪನಿಗಳ ಮೂರು ಮೇಜು ಸಾಲಾಗಿದ್ದವು. ನಮ್ಮ ಹೆದ್ದಾರಿಯ ಕೊಡೆಗಳೇ ಹವಾನಿಯಂತ್ರಿತ ಕಟ್ಟಡದೊಳಗೆ ಬಂದು ಕೂತಂತೆ ಕಂಡಿತು. ಬಿಳಿಯ ನಿಲುವಂಗಿ, ಕಸೂತಿ ಟೋಪಿಯ ತರುಣನೊಬ್ಬ ಸಲಾಂ ಹೇಳಿ ಕರೆದ. ನಮ್ಮಲ್ಲಿ ಸಿಮ್ ಮಾರುವವರು ದರದಿಂದ ಮಾತು ಶುರುಮಾಡುತ್ತಾರೆ. ಇವನು ನನ್ನ ಪ್ರಯಾಣ, ಆರೋಗ್ಯ, ತಂದೆತಾಯಿಯ ಆರೋಗ್ಯ ಎಲ್ಲ ಕೇಳಿ ಮುಗಿಸಿದ ಮೇಲೆಯೇ ಸಿಮ್ಮಿಗೆ ಬಂದ. ಅವನ ಅಪ್ಪನ ಕಾಲದಲ್ಲಿ ಇಲ್ಲಿ ಇದ್ದದ್ದು ಒಂದೇ ಕಂಪನಿಯಂತೆ. ಆಮೇಲೆ ಎರಡಾಯಿತು, ಈಗ ಮೂರನೆಯದು ಬಂದಿದೆ, ಜನ ಅಗ್ಗದ್ದು ಹುಡುಕಿಕೊಂಡು ದಿನಕ್ಕೊಂದು ಸಿಮ್ ಬದಲಿಸುತ್ತಾರೆ ಎಂದ. ನಿಮ್ಮಲ್ಲಿ ಹೇಗೆ ಎಂದು ಕೇಳಿದ. ನಮ್ಮಲ್ಲಿ ಏಳಿದ್ದದ್ದು ಉದುರಿ ಉದುರಿ ಹೆಚ್ಚುಕಡಿಮೆ ನಿಮ್ಮಷ್ಟೇ ಆಗಿದೆ ಎಂದೆ. ಅವನಿಗೆ ನಗು ಬಂತು. ನೀವು ಇಳಿಯುವ ಮೆಟ್ಟಿಲಲ್ಲಿ ನಾವು ಹತ್ತುತ್ತಿದ್ದೇವೆ ಎಂದ.

ಆ ಸಿಮ್ಮಿನಿಂದ ಅಮ್ಮನಿಗೆ ಮುಖ ಕಾಣುವ ಕರೆ ಮಾಡಲು ಹೋದೆ. ಸಂಪರ್ಕವಾಗುತ್ತಿದೆ ಎಂದು ತೋರಿಸುತ್ತಿತ್ತು, ಆಗುತ್ತಿರಲಿಲ್ಲ. ಹನ್ನೊಂದು ಸಲ ಮಾಡಿದೆ ಎಂದು ನನ್ನ ದಿನಚರಿಯಲ್ಲಿದೆ. ಅಷ್ಟರಲ್ಲಿ ಉದಯಣ್ಣ ಬಂದರು. ಅವರು ನನಗಿಂತ ಎರಡು ದಿನ ಮೊದಲೇ ಊರಿನಿಂದ ಮರಳಿದ್ದರು. ಇಂಟರ್ನೆಟ್ಟಿನ ಕರೆ ಇಲ್ಲಿ ಹೋಗುವುದಿಲ್ಲ, ಸಾದಾ ಕರೆಯನ್ನೇ ಮಾಡಬೇಕು ಎಂದು ತಿಳಿಸಿ, ತಮ್ಮ ಫೋನನ್ನೇ ಕೊಟ್ಟರು. ಅಮ್ಮ ಎತ್ತಿದವಳು ಕೇಳಿದ್ದು ಒಂದೇ: "ಹೇಳ್ದ್ಯಾ?" ಮಾವನಿರುವ ಊರು ಇನ್ನೂ ದೂರ, ನಾಳೆ ಮುಟ್ಟುತ್ತೇನೆ ಎಂದೆ.

ಸೂರಿನ ದಾರಿ, ಬುಧವಾರ

ತರಕಾರಿ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತು ಹೊರಟೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ಗುಡ್ಡದ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ನಮ್ಮಲ್ಲಿ ಕೆರಾಡಿ ಕಡೆಯ ಕಾಡಿನ ಒಳಗೆ ಹೋದರೆ ಮರದ ದಟ್ಟಣೆಗೇ ಸಿಗ್ನಲ್ ಸಿಗುವುದಿಲ್ಲ, ಜನ ಮಾತಾಡಲು ಬೋಳು ಗುಡ್ಡ ಹುಡುಕಿ ಹತ್ತುತ್ತಾರೆ. ಇಲ್ಲಿ ಊರೇ ಬೋಳು ಗುಡ್ಡ. ಪ್ರತಿ ಗುಡ್ಡದ ತುದಿಗೂ ಗೋಪುರ, ಎಲ್ಲೂ ಸಿಗ್ನಲ್ ಕಡಿಯಲಿಲ್ಲ. ಆದರೆ ಮೈಲಿಗಟ್ಟಲೆ ದಾರಿಯಲ್ಲಿ ಮಾತಾಡುವ ಜನವೇ ಕಾಣಲಿಲ್ಲ.

ಉದಯಣ್ಣನ ಜೇಬಿನಲ್ಲಿ ಮೂರು ಕಂಪನಿಗಳ ಮೂರು ಸಿಮ್ ಇದ್ದವು. ಊರಿಗೆ ಮಾಡಲು ಒಂದು, ಸೇಠನಿಗೆ ಒಂದು, ಮೂರನೆಯದು ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಂಡದ್ದು. ಹೀಗೆ ಬದಲಿಸುತ್ತ ಹೋಗಿ ಒಬ್ಬರ ನಂಬರು ಇನ್ನೊಬ್ಬರಲ್ಲಿ ಇಲ್ಲದಂತಾಗಿದೆ, ಹಿಂದೆ ವಾರಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಿದ್ದ ಊರಿನವರು ಈಗ ಪೆಟ್ರೋಲ್ ಬಂಕಿನಲ್ಲಿ ಅಕಸ್ಮಾತ್ತಾಗಿ ಸಿಕ್ಕರೆ ಸಿಕ್ಕರು ಎಂದು ಅವರು ಹೇಳಿದರು. ಮಾವನ ನಂಬರೂ ಅವರಲ್ಲಿ ಇರಲಿಲ್ಲ.

ಸುಮಾರು ದೂರ ಬಂದ ಮೇಲೆ ಅವರು, ಹೇಗೆ ಹೇಳುತ್ತೀ ಎಂದು ಕೇಳಿದರು. ನಾನು ನಾಲ್ಕು ವಾಕ್ಯ ಬರೆದಿಟ್ಟುಕೊಂಡಿದ್ದೆ. ಓದಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು.

"ಬರ್ದದ್ದೆಲ್ಲ ಬ್ಯಾಡ ಮಾರಾಯ," ಎಂದರು. "ಅವ್ರ್ ಉಂಡಾದ್ಮೇಲೆ ಹೇಳ್. ಹಸ್ದ್ ಹೊಟ್ಟಿಗ್ ಮಾತ್ರ ಹೇಳ್ಬೇಡ."

ಸೂರು, ಬುಧವಾರ

ಸೂರು ಕಂಡ ಕೂಡಲೇ ನನಗೆ ಮನೆಗೆ ಬಂದಂತಾಯಿತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ. ಇಲ್ಲಿ ಸಮುದ್ರವೇ ಒಂದು ತೋಳು ಚಾಚಿ ಊರಿನ ಒಳಗೆ ಬಂದಿದೆ. ಅದರ ದಡದಲ್ಲಿ ಮರದ ದೊಡ್ಡ ದೋಣಿಗಳು, ಒಣಗಲು ಹಾಕಿದ ಬಲೆಗಳು, ಅದೇ ವಾಸನೆ. ನಮ್ಮದೂ ಇದೂ ಒಂದೇ ಕಡಲು. ನಮ್ಮಲ್ಲಿ ಸೂರ್ಯ ಅದರಲ್ಲಿ ಮುಳುಗುತ್ತಾನೆ, ಇಲ್ಲಿ ಅದರಿಂದ ಏಳುತ್ತಾನೆ.

ಉದಯಣ್ಣ ನನ್ನನ್ನು ಚಹಾ ಅಂಗಡಿಯ ಎದುರು ಇಳಿಸಿ, ತಾವು ಒಳಗೆ ಬರಲಿಲ್ಲ. ಶನಿವಾರ ಬರುತ್ತೇನೆ ಎಂದು ಹೇಳಿ ಹೋದರು.

ಅಲ್ಲಿನ ಚಹಾ ಅಂಗಡಿಯ ಕ್ರಮ ಬೇರೆ. ಗಿರಾಕಿಗಳು ಕಾರಿನಿಂದ ಇಳಿಯುವುದೇ ಇಲ್ಲ. ಬಾಗಿಲ ಎದುರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಒಳಗಿನಿಂದ ಯಾರಾದರೂ ಓಡಿಹೋಗಿ ಕೇಳಿ, ಚಹಾ ತಂದು ಕಿಟಕಿಯಲ್ಲಿ ಕೊಡಬೇಕು. ನಾನು ಒಳಗೆ ಕಾಲಿಟ್ಟಾಗ ಮಾವ ಬಾಗಿಲಿಗೆ ಬೆನ್ನು ಹಾಕಿ ಪರಾಟ ಲಟ್ಟಿಸುತ್ತಿದ್ದರು. ಹೊರಗೆ ಹಾರ್ನ್ ಆಯಿತು. ಅವರು ತಿರುಗಿ ನೋಡದೆಯೇ, ಸಕ್ಕರೆ ಇಲ್ಲದ್ದು ಒಂದು ಎಂದು ಹಿಂದಿಯಲ್ಲಿ ಕೂಗಿದರು. ಹಾರ್ನಿನಲ್ಲೇ ಅವರಿಗೆ ಗಿರಾಕಿ ಗೊತ್ತಾಗುತ್ತಿತ್ತು.

"ಮಾವ," ಎಂದೆ.

ಅವರು ಲಟ್ಟಣಿಗೆ ಹಿಡಿದುಕೊಂಡೇ ತಿರುಗಿದರು. ನೋಡಿಯೂ ನೋಡಿಯೂ ಕೊನೆಗೆ, "ಹ್ವಾಯ್, ನೀನಾ? ಮೀಸಿ ಬಂತಾ ನಿಂಗೆ?" ಎಂದರು. ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದರು. ಮಾಲಿಕನಿಗೆ, ಜೊತೆಯ ಕೆಲಸದವರಿಗೆ, ಕ್ಯಾಶಿನ ಎದುರು ನಿಂತಿದ್ದ ಮೀನುಗಾರನಿಗೆ, ಎಲ್ಲರಿಗೂ ನನ್ನನ್ನು ತೋರಿಸಿದರು. ಎಂತಕೆ ಬಂದದ್ದು ಎಂದು ಕೇಳಿದರು. ಕಾಣಲಿಕ್ಕೆ ಎಂದೆ. ಅದಕ್ಕೆ ಅವರಿಗೆ ಸಂತೋಷವಾಯಿತು, ಇನ್ನೇನೂ ಕೇಳಲಿಲ್ಲ. ಊಟ ಆಗಿದೆಯೇ ಎಂದು ನಾನು ಕೇಳಿದ್ದಕ್ಕೆ, ಸಂಜೆಯ ಗಿರಾಕಿ ಇಳಿಯುವವರೆಗೆ ಊಟದ ಮಾತಿಲ್ಲ ಎಂದರು.

ನಮ್ಮ ಕೈಗೆ ಯಾಕೆ ಸಿಕ್ಕಲಿಲ್ಲ ಎಂಬುದು ಅವರು ಪರಾಟ ಬೇಯಿಸುತ್ತ ಆಡಿದ ಮಾತಿನಿಂದಲೇ ತಿಳಿಯಿತು. ಕಳೆದ ಮಳೆಗಾಲ ಒಂದು ದಿನ ಇದ್ದಕ್ಕಿದ್ದಂತೆ ಅಮ್ಮಮ್ಮನ ನಂಬರಿಗೆ ರಿಂಗು ಹೋಗುವುದೇ ನಿಂತಿತಂತೆ. "ಟೊಂಯ್ ಟೊಂಯ್ ಅಂಬ್ದ್, ಅಷ್ಟೇ. ನನ್ ಸಿಮ್ಮಿಂದೇ ತೊಂದ್ರಿ ಅಂದೇಳಿ ಎಣಿಸ್ಕಂಡೆ." ಹಾಗಾಗಿ ಹಳೆಯ ಸಿಮ್ ಎಸೆದು ಹೊಸ ಕಂಪನಿಯದು ತೆಗೆದುಕೊಂಡರು. ಅದರಲ್ಲೂ ಹೋಗಲಿಲ್ಲ. ಮತ್ತೊಂದು ತೆಗೆದುಕೊಂಡರು. ಅಮ್ಮನ ನಂಬರು ಇದ್ದದ್ದು ಮೊದಲಿನ ಸಿಮ್ಮಿನಲ್ಲಿ, ಅದು ಸಿಮ್ಮಿನ ಜೊತೆಗೇ ಹೋಯಿತು. ಅಮ್ಮಮ್ಮನದು ಮಾತ್ರ ಬಾಯಿಪಾಠ. ಸೂರಿನ ಕೆಲಸಕ್ಕೆ ಬಂದದ್ದೂ ಅದೇ ಗಡಿಬಿಡಿಯಲ್ಲಿ. ಆದರೂ ಒಂದು ದಿನವೂ ತಪ್ಪಿಸದೆ ರಿಂಗು ಕೊಡುತ್ತಲೇ ಇದ್ದರಂತೆ.

"ಚಳಿಗಾಲ್ದಂಗೆ ಒಂದಿನ ಸರಿ ಆಯ್ತ್ ಕಾಣ್," ಎಂದರು. "ರಿಂಗ್ ಹೋಯ್ತ್. ಎರ್ಡ್ ರಿಂಗಿಗೇ ಅಬ್ಬಿ ಕಟ್ ಮಾಡ್ತ್. ಅವತ್ ಅಂಗ್ಡಿಯರಿಗೆಲ್ಲ ಶಾವ್ಗಿ ಪಾಯ್ಸ ಮಾಡ್ದೆ."

ಅಬ್ಬಿ ಎಂದರೆ ಅವರ ತಾಯಿ, ನನ್ನ ಅಮ್ಮಮ್ಮ. ಮಾವ ಏನು ಹೇಳುತ್ತಿದ್ದಾರೆಂದು ನನಗೆ ಅರ್ಥವಾಗಲಿಲ್ಲ. ನನ್ನ ಕಾಲ ಬಳಿ ಅಕ್ಕಿ ಚೀಲ ಇತ್ತು. ಅದರೊಳಗೆ ಆ ಮೊಬೈಲು ಇತ್ತು.

ಸ್ವಲ್ಪ ಹೊತ್ತಿಗೆ ಅವರು ಗೋಡೆಯ ಗಡಿಯಾರ ನೋಡಿ ಕೈ ತೊಳೆದು ಬಂದರು. ಹೊರಗೆ ಬಿಸಿಲು ಇನ್ನೂ ಜೋರಾಗಿಯೇ ಇತ್ತು. ಊರಲ್ಲಿ ಈಗ ದೀಪ ಹಚ್ಚುವ ಹೊತ್ತು ಎಂದರು. ನನಗೂ ಕೇಳಲಿ ಎಂದು ಫೋನಿನ ಶಬ್ದ ದೊಡ್ಡದು ಮಾಡಿ ಮೇಜಿನ ಮೇಲಿಟ್ಟು, ಒತ್ತಿದರು. ಒಂದು ರಿಂಗಾಯಿತು. ಎರಡಾಯಿತು. ಕಟ್ ಆಯಿತು.

"ಕಂಡ್ಯಾ?" ಎಂದರು ಮಾವ. ಮುಖವೆಲ್ಲ ಅರಳಿತ್ತು. "ನೀ ಬಂದದ್ ಅಬ್ಬಿಗ್ ಗೊತ್ತಿತ್ತಾ?"

ಎಲ್ಲರಿಗೂ ಹೇಳಿಯೇ ಬಂದದ್ದು ಎಂದೆ. ಹೊರಗೆ ಎರಡು ಕಾರುಗಳು ಒಟ್ಟಿಗೆ ಹಾರ್ನ್ ಹೊಡೆದವು, ಅವರು ಎದ್ದು ಹೋದರು. ಆ ದಿನ ನನ್ನಿಂದ ಹೇಳಲಾಗಲಿಲ್ಲ. ದಿನಚರಿಯಲ್ಲಿ ಆ ಸಂಜೆಗೆ ಬಿಟ್ಟ ಜಾಗ ಖಾಲಿ ಇದೆ.

ಸೂರು, ಗುರುವಾರ

ಕಟ್ ಮಾಡಿದ್ದು ಯಾರು ಎಂಬುದು ಬೆಳಗಾಗುವಷ್ಟರಲ್ಲಿ ನನಗೆ ಹೊಳೆದಿತ್ತು. ನನ್ನ ಕಚೇರಿಗೆ ಬರುವವರಿಗೆ ನಾನೇ ಎಷ್ಟೋ ಸಲ ಹೇಳಿದ ವಿಷಯ ಅದು. ರೀಚಾರ್ಜು ಇಲ್ಲದೆ ಕೆಲವು ತಿಂಗಳು ಬಿದ್ದಿದ್ದರೆ ಕಂಪನಿ ಆ ನಂಬರನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಯಾರಿಗೋ ಕೊಡುತ್ತದೆ. ಕರ್ನಾಟಕದ ಯಾವುದೋ ಊರಿನಲ್ಲಿ ಯಾರೋ ಒಬ್ಬರು, ದಿನವೂ ಸಂಜೆ, ಗುರುತಿಲ್ಲದ ವಿದೇಶದ ನಂಬರು ಕಂಡು ಕಟ್ ಮಾಡುತ್ತಿದ್ದಾರೆ.

ಬೆಳಗಿನ ಗಿರಾಕಿ ಮುಗಿದ ಮೇಲೆ ನಾನು ಅಂಗಡಿಯ ಹಿಂದಿನ ಒಲೆಯಲ್ಲಿ ಕುಚ್ಚಲಕ್ಕಿಯ ಗಂಜಿ ಮಾಡಿದೆ. ಮಾವ ಮಣೆಯಂಥ ಒಂದು ಪೆಟ್ಟಿಗೆಯ ಮೇಲೆ ಕೂತು, ಸಿಗಡಿ ಚಟ್ನಿ ನೆಂಜಿಕೊಂಡು ಉಂಡರು. ಇನ್ನೊಂದು ಸಲ ಬಡಿಸಿಕೊಂಡರು. ತಿಳಿ ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ, ನಾನು ಮೊಬೈಲನ್ನು ತೆಗೆದು ಅದರ ಪಕ್ಕ ಇಟ್ಟೆ. ಬರೆದುಕೊಂಡಿದ್ದ ನಾಲ್ಕು ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಮಾವ ಅದನ್ನು ಮುಟ್ಟದೆ ನೋಡಿದರು. ಕರಿ ದಾರವನ್ನು ನೋಡಿದರು.

"ಇದ್ ಅಬ್ಬಿದ್."

"ಹೌದ್ ಮಾವ."

"ಇದ್ ಇಲ್ಲಿದ್ರೆ ನಿನ್ನೆ ಕಟ್ ಮಾಡ್ದ್ ಯಾರ್?"

"ಅಮ್ಮಮ್ಮ ಹೋಯ್ರ್ ಮಾವ. ಶ್ರಾವಣ್ದಂಗೆ."

ಅವರು ಕೈ ತೊಳೆದಿರಲಿಲ್ಲ. ಎಂಜಲು ಕೈಯನ್ನು ಹಾಗೇ ಬಟ್ಟಲಿನ ಮೇಲೆ ಹಿಡಿದುಕೊಂಡು ಕೂತರು. ಆಮೇಲೆ ಕೇಳಿದರು:

"ಬೆಂಕಿ ಕೊಟ್ಟದ್ ಯಾರ್?"

"ನಾನ್."

"ಮಳಿ ಇತ್ತಾ?"

"ಇತ್ತ್."

"ಹಿಡೀತಾ?"

"ಹಿಡೀತ್ ಮಾವ. ಮೇಲೆ ತೆಂಗಿನ್ ಮಡ್ಲ್ ಕಟ್ಟಿ ಮರೆ ಮಾಡಿತ್."

ಅವರು ತಲೆಯಾಡಿಸಿದರು. ಮಿಕ್ಕದ್ದನ್ನು ನಾನು ಹೇಳುತ್ತ ಹೋದೆ. ಆಸ್ಪತ್ರೆ, ಮುಗಿದ ರೀಚಾರ್ಜು, ಉತ್ತರವಿಲ್ಲದ ಅವರ ನಂಬರು, ಬೇರೆಯವರಿಗೆ ಹೋದ ಅಮ್ಮಮ್ಮನ ನಂಬರು. ನಂಬರಿನ ವಿಷಯ ಅವರಿಗೆ ಎರಡು ಸಲ ಹೇಳಬೇಕಾಯಿತು. ತಮ್ಮ ಸಿಮ್ಮಿನ ತೊಂದರೆ ಎಂದು ಅವರು ಎಣಿಸಿಕೊಂಡಿದ್ದ ಮೊದಲನೆಯ ದಿನ ಅಮ್ಮಮ್ಮ ಇನ್ನೂ ಬದುಕಿದ್ದರೇ ಎಂದು ಕೇಳಿದರು. ಇದ್ದರು, ಆಸ್ಪತ್ರೆಯಲ್ಲಿದ್ದರು ಎಂದೆ. ಅಲ್ಲಿ ಅವರು ಸೊಂಟಕ್ಕೆ ಕೈ ಹಾಕಿ ಹುಡುಕುತ್ತಿದ್ದರೇ ಎಂದು ಕೇಳಿದರು. ಹೌದು ಎಂದು ಹೇಳಬೇಕಾಯಿತು, ಯಾಕೆಂದರೆ ಅದು ನಿಜ.

ಸಾವಿನ ಸುದ್ದಿ ಎಷ್ಟು ತಡವಾಗಿ ಮುಟ್ಟಿದರೂ ಕೇಳಿದವರು ಉಟ್ಟ ಬಟ್ಟೆಯಲ್ಲೇ ಮೀಯಬೇಕು. ಮಾವ ಎದ್ದು, ಅಂಗಡಿಯ ಮುಂದಿನಿಂದಲೇ ರಸ್ತೆ ದಾಟಿ, ಕಡಲಿಗೆ ಇಳಿದರು. ನಾನೂ ಹಿಂದೆಯೇ ಇಳಿದೆ. ಬಲೆ ಸರಿಮಾಡುತ್ತಿದ್ದ ಮೀನುಗಾರರು ಅಂಗಿ ಲುಂಗಿಯ ಸಮೇತ ನೀರಿಗಿಳಿದ ಅಡುಗೆಯವನನ್ನು ನೋಡಿ ಮೊದಲು ನಕ್ಕರು. ಅಂಗಡಿಯ ಮಾಲಿಕ ಓಡಿಬಂದು ಅವರಿಗೆ ಅರಬ್ಬಿಯಲ್ಲಿ ಏನೋ ಹೇಳಿದ. ನಗು ನಿಂತಿತು. ಅವರಲ್ಲಿ ಹಿರಿಯನೊಬ್ಬ ಬಲೆ ಕೆಳಗಿಟ್ಟು ಎದ್ದು ನಿಂತು, ಅಂಗೈಗಳನ್ನು ಮುಖದ ಎದುರು ಹಿಡಿದು, ತುಟಿ ಅಲುಗಿಸಿದ. ಉಳಿದವರೂ ಎದ್ದರು. ಮಾವ ಮೂರು ಸಲ ಮುಳುಗಿ ಎದ್ದು, ಮೂಡು ದಿಕ್ಕಿಗೆ, ನಮ್ಮ ಊರಿನ ಕಡೆಗೆ, ಮುಖ ಮಾಡಿ ನಿಂತರು.

ಆ ಮಧ್ಯಾಹ್ನ ಮಾಲಿಕ ಅವರಿಗೆ ಕೆಲಸ ಬೇಡ ಎಂದ. ಮಾವ ಕೇಳಲಿಲ್ಲ, ಒದ್ದೆ ತಲೆಯಲ್ಲೇ ಒಲೆಯ ಎದುರು ನಿಂತರು. ಸುದ್ದಿ ಆ ಸಣ್ಣ ಊರಿನಲ್ಲಿ ಹೇಗೆ ಹರಡಿತೋ ತಿಳಿಯದು. ಕಾರುಗಳು ಎಂದಿನಂತೆ ಬಂದು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಒಬ್ಬೊಬ್ಬರೇ ಬಾಗಿಲು ತೆಗೆದು ಇಳಿದು, ಒಳಗೆ ಬಂದು, ಮಾವನ ಕೈ ಹಿಡಿದು ಒಂದು ಮಾತು ಹೇಳಿ, ತಮ್ಮ ಚಹಾವನ್ನು ತಾವೇ ಒಯ್ದರು. ಎಣಿಸುವುದು ನನ್ನ ಅಭ್ಯಾಸ. ಆ ದಿನ ಎಣಿಸಲಿಲ್ಲ.

ಸಂಜೆ ಮಾವ ಗಡಿಯಾರ ನೋಡಿ, ಕೈ ತೊಳೆದು ಬಂದು, ಫೋನು ಕೈಗೆತ್ತಿಕೊಂಡರು. ಆಮೇಲೆ ಮೇಜಿನ ಮೇಲಿಟ್ಟರು. ಹೊತ್ತು ದಾಟಿತು.

"ಅವ್ರಿಗೂ ಹೇಳ್ಕಲ್ದಾ," ಎಂದರು.

ಮಾವನ ಫೋನಿನಿಂದಲೋ ನನ್ನ ಹೊಸ ಸಿಮ್ಮಿನಿಂದಲೋ ಮಾಡಿದರೆ, ದಿನವೂ ಕಟ್ ಮಾಡುತ್ತಿದ್ದ ಆ ಕಡೆಯವರು ಎತ್ತುವುದಿಲ್ಲ. ತುರ್ತಿಗೆ ಬೇಕಾದೀತೆಂದು ನನ್ನ ಊರಿನ ಸಿಮ್ಮಿಗೆ ವಿದೇಶದ ಪ್ಯಾಕು ಹಾಕಿಸಿಕೊಂಡು ಬಂದಿದ್ದೆ. ಅದರಿಂದ ಅಮ್ಮಮ್ಮನ ನಂಬರಿಗೆ ಮಾಡಿದೆ. ನಾಲ್ಕನೆಯ ರಿಂಗಿಗೆ ಒಬ್ಬ ಹೆಂಗಸು ಎತ್ತಿದರು. ಉತ್ತರ ಕರ್ನಾಟಕದ ಮಾತು, ವಯಸ್ಸಾದ ದನಿ. ಗದಗಿನ ಹತ್ತಿರದ ಹಳ್ಳಿಯವರಂತೆ. ನಾನು ನಿಧಾನವಾಗಿ ಎಲ್ಲವನ್ನೂ ಹೇಳಿದೆ.

"ಅಯ್ಯ, ನಾ ಕಳ್ಳರು ಅಂತ ತಿಳ್ಕೊಂಡಿದ್ನ್ಯಪ," ಎಂದರು. "ಹೊರದೇಶದ ನಂಬರ್ ಎತ್ತಬ್ಯಾಡ, ರೊಕ್ಕಾ ಹೊಡೀತಾರ ಅಂತ ಮಗಳು ಹೇಳ್ಯಾಳ. ಅದಕ್ಕ ಬಂದ ಕೂಡ್ಲೇ ಕಟ್ ಮಾಡ್ತಿದ್ನಿ. ಇವತ್ತ ಇನ್ನಾ ಬಂದಿಲ್ಲಲ್ಲ ಅಂತ ಈಗ ಫೋನ್ ನೋಡಾಕತ್ತಿದ್ನಿ."

ಮಾವ ಕೈ ಚಾಚಿದರು. ಫೋನು ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಆ ತಾಯಿಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದರು:

"ಅಮ್ಮಾ, ಇನ್ನ್ ಆ ರಿಂಗ್ ಬಪ್ಪುದಿಲ್ಲೆ. ನೀವ್ ಕಟ್ ಮಾಡ್ದಷ್ಟ್ ದಿನ ನಂಗ್ ಅಬ್ಬಿ ಇದ್ದಿತ್."

ಆ ಕಡೆಯವರು ಏನು ಹೇಳಿದರೋ ನನಗೆ ಕೇಳಲಿಲ್ಲ. ಮಾವ ಹೂಂ, ಹೂಂ ಎಂದರು. ಕೊನೆಗೆ, ನಿಮಗೂ ಒಳ್ಳೆಯದಾಗಲಿ ಎಂದು ಹೇಳಿ ಫೋನು ಹಿಂದೆ ಕೊಟ್ಟರು.

ಮರವಂತೆ, ಸೋಮವಾರ

ಮಾವ ನನ್ನ ಜೊತೆ ಬರಲಿಲ್ಲ. ಹೊಸ ಕೆಲಸ, ಈಗಲೇ ರಜೆ ಸಿಗದು. ಶ್ರಾವಣಕ್ಕೆ, ವರ್ಷದ ಕ್ರಿಯೆಗೆ ಬಂದೇ ಬರುತ್ತೇನೆ ಎಂದಿದ್ದಾರೆ. ಮೊಬೈಲನ್ನು ಅವರಲ್ಲೇ ಬಿಟ್ಟು ಬಂದೆ. ಅಮ್ಮನ ನಂಬರನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. ಅವರು ಅದನ್ನು ನನ್ನಿಂದ ಮೂರು ಸಲ ಹೇಳಿಸಿ ಬಾಯಿಪಾಠವನ್ನೂ ಮಾಡಿಕೊಂಡರು.

ಮಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಹಳೆಯ ಅಭ್ಯಾಸದಿಂದ ಶಟರುಗಳನ್ನು ನೋಡುತ್ತ ಬಂದೆ. ಬ್ರಹ್ಮಾವರದ ಒಂದು ಅಂಗಡಿಯ ಮೇಲೆ, ಅಮ್ಮಮ್ಮನಿಗೆ ಜೀವನಪೂರ್ತಿ ಎಂದು ಸಿಮ್ ಕೊಟ್ಟ ಕಂಪನಿಯ ಬಣ್ಣ ಒಂದು ಅಂಗೈಯಷ್ಟು ಉಳಿದಿತ್ತು. ತ್ರಾಸಿ ದಾಟಿದ ಮೇಲೆ ಕಡಲು ಕಂಡಿತು. ಸೂರ್ಯ ನೀರಿನ ಹತ್ತಿರಕ್ಕೆ ಇಳಿದಿದ್ದ.

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿದಳು. ಕೇಳಿದ್ದನ್ನೇ ಮತ್ತೆ ಕೇಳಿದಳು. ಅವಳಿಗೆ ಮುಖ್ಯವಾಗಿ ತಿಳಿಯಬೇಕಿದ್ದದ್ದು ಅಣ್ಣ ಅತ್ತನೋ ಎಂಬುದು. ನೀರಿನಲ್ಲಿ ಮುಳುಗಿ ಎದ್ದದ್ದರಿಂದ ನನಗೆ ಗೊತ್ತಾಗಲಿಲ್ಲ ಎಂದೆ.

ಆಮೇಲೆ ಅವಳು ಕೈಕಾಲು ತೊಳೆದು ದೀಪ ಹಚ್ಚಿದಳು. ಬತ್ತಿ ಸರಿಮಾಡುತ್ತಿರುವಾಗಲೇ ಚಾವಡಿಯ ಮೇಜಿನ ಮೇಲೆ ಅವಳ ಫೋನು ಬಡಿಯಿತು. ಅಮ್ಮ ಬಂದು ನೋಡಿದಳು. ನಂಬರಿನ ಮೊದಲ ಅಂಕೆಗಳಲ್ಲೇ ಗೊತ್ತಾಯಿತು. ಹೆಬ್ಬೆರಳು ಕೆಂಪು ಗುರುತಿನ ಮೇಲೆ ಹೋಯಿತು, ಅಮ್ಮಮ್ಮ ಹಾಗೆ ಮಾಡುತ್ತಿದ್ದುದನ್ನು ಅವಳು ಎಷ್ಟೋ ವರ್ಷ ನೋಡಿದ್ದಳು. ಒತ್ತಲಿಲ್ಲ. ಫೋನನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ಅದು ಪೂರ್ತಿ ಬಡಿದು ತಾನಾಗಿ ನಿಂತಿತು.

ಹೆದ್ದಾರಿಯಲ್ಲಿ ಒಂದು ಲಾರಿ ಹೋದ ಸದ್ದು ಕೇಳಿತು. ಅದರ ಹಿಂದೆ ತೆರೆಯ ಸದ್ದು.

ಮತ್ತೆ ಬಡಿಯಿತು. ಅಮ್ಮ ಎತ್ತಿ ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಮೊದಲು ನನಗೂ ಕೇಳಿಸಿದ್ದು ಕಾರಿನ ಹಾರ್ನು, ಯಾರೋ ಚಹಾ ಕೇಳುತ್ತಿದ್ದರು. ಯಾರೂ ಓಡಿದ ಸದ್ದು ಕೇಳಲಿಲ್ಲ.

"ಹೇಳ್ ಅಣ್ಣ," ಎಂದಳು ಅಮ್ಮ. "ನಂಗ್ ಕಿವಿ ಕೇಣ್ತ್."